ಕಥಾಚಿತ್ರಗಳಲ್ಲಿ ಪ್ರಯೋಗತಂತ್ರ: ‘ನೆಪ’ದ ನೆಲೆಯಿಂದ ಒಂದು ವಿವೇಚನೆ

೧. ಪೀಠಿಕೆ

‘ಅವಾಂಗಾರ್ಡ್’ ಎಂಬ ಫ್ರೆಂಚ್ ಪದ ಮೂಲತಃ ಸೈನ್ಯದ ಪರಿಭಾಷೆಗೆ ಸೇರಿದ್ದು. ದಂಡಿನ ಮುಂದೆ ಸಾಗುವ ತುಕಡಿ ಎಂಬುದು ಅದರ ವಾಚ್ಯಾರ್ಥ. ಕಲಾವಿಮರ್ಶೆಯಲ್ಲಿ ಈ ಪದ, ರೂಢಿಯ ರೂಪಗಳನ್ನು ಮುರಿದು ಮುಂದೆ ಸಾಗುವ ಪ್ರವೃತ್ತಿಯನ್ನು ಸೂಚಿಸುತ್ತ ಬಂದಿದೆ. ಕನ್ನಡದ ಚಲನಚಿತ್ರ ವಿಮರ್ಶೆಯಲ್ಲಿ ಇದೇ ಅರ್ಥಕ್ಕೆ ‘ಪ್ರಯೋಗಶೀಲ’, ‘ಪ್ರಾಯೋಗಿಕ’ ಎಂಬ ಪದಗಳು ಬಳಕೆಯಲ್ಲಿವೆ. ಆದರೆ ಈ ಪದಗಳನ್ನು ನಾವು ಬಹುಮಟ್ಟಿಗೆ ಒಂದು ಬಗೆಯ ಚಿತ್ರಗಳಿಗೆ ಹಚ್ಚುವ ಚೀಟಿಯಂತೆ ಬಳಸಿದ್ದೇವೆ. ಕಲಾತ್ಮಕ ಚಿತ್ರವೆಂದರೆ ಪ್ರಯೋಗ, ಜನಪ್ರಿಯ ಚಿತ್ರವೆಂದರೆ ರೂಢಿ ಎಂಬ ವಿಭಜನೆ 1970ರ ದಶಕದಿಂದ ನಮ್ಮ ವಿಮರ್ಶೆಯಲ್ಲಿ ಬೇರುಬಿಟ್ಟಿದೆ.

ಚಿತ್ರಗಳನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ ಈ ವಿಭಜನೆ ನಿಲ್ಲುವುದು ಕಷ್ಟ. ಕಾಲಕ್ರಮದ ಮುರಿತ, ನಿಧಾನಗತಿ, ಪ್ರತಿಬಿಂಬಗಳ ಮೇಲುಜೋಡಣೆ, ವರ್ಣ ಮತ್ತು ಕಪ್ಪುಬಿಳುಪುಗಳ ಬೆರಕೆ, ಪಾತ್ರವು ನೇರವಾಗಿ ಪ್ರೇಕ್ಷಕನೊಡನೆ ಮಾತಿಗಿಳಿಯುವುದು — ಇವೆಲ್ಲ ನಮ್ಮ ಜನಪ್ರಿಯ ಚಿತ್ರಗಳಲ್ಲಿ ಹೇರಳವಾಗಿವೆ. ಮತ್ತೊಂದು ಕಡೆ, ಕಲಾತ್ಮಕವೆಂದು ಹೆಸರಾದ ಅನೇಕ ಚಿತ್ರಗಳು ನೇರವಾದ, ಕಾಲಾನುಕ್ರಮದ, ವಾಸ್ತವವಾದಿ ನಿರೂಪಣೆಯನ್ನೇ ನೆಚ್ಚಿಕೊಂಡಿವೆ. ಹಾಗಾದರೆ ಎರಡು ಬಗೆಯ ಚಿತ್ರಗಳ ನಡುವಣ ವ್ಯತ್ಯಾಸ ತಂತ್ರದಲ್ಲಿದೆಯೇ ಅಥವಾ ತಂತ್ರವನ್ನು ಕಥೆಯೊಡನೆ ಹೊಂದಿಸುವ ಬಗೆಯಲ್ಲಿದೆಯೇ ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ.

ಈ ವಿವೇಚನೆಗೆ ‘ನೆಪ’ ಎಂಬ ಮಾತನ್ನು ಪಾರಿಭಾಷಿಕವಾಗಿ ಬಳಸಲಾಗಿದೆ. ಕಥೆಯ ರೂಢಿಯ ಗತಿಯನ್ನು ಮುರಿಯುವ ತಂತ್ರವೊಂದು ಬಂದಾಗ, ಆ ಮುರಿತವನ್ನು ಪ್ರೇಕ್ಷಕನಿಗೆ ಒಪ್ಪಿಸುವ ಸಲುವಾಗಿ ಒದಗಿಸಲಾಗುವ ಕಾರಣವೇ ನೆಪ. ‘ಇದು ಅವನು ಕಂಡ ಕನಸು’, ‘ಇವಳಿಗೆ ಬುದ್ಧಿಭ್ರಮಣೆಯಾಗಿದೆ’, ‘ಇವನು ಕುಡಿದಿದ್ದಾನೆ’ ಎಂಬ ಬಗೆಯ ಸಮಾಧಾನಗಳು ಅದರ ಸರಳ ರೂಪಗಳು. ರಷ್ಯದ ರೂಪನಿಷ್ಠ ವಿಮರ್ಶಕ ಬೋರಿಸ್ ತೊಮಾಶೆವ್‌ಸ್ಕಿ 1925ರಲ್ಲಿಯೇ ಸಾಹಿತ್ಯ ಕೃತಿಯ ಪ್ರತಿಯೊಂದು ಅಂಶಕ್ಕೂ ಕೃತಿಯೊಳಗೆ ಒದಗುವ ಪ್ರೇರಣೆಯನ್ನು ಕುರಿತು ಬರೆದಿದ್ದಾನೆ. ಅಲ್ಲಿನ ‘ಪ್ರೇರಣೆ’ಗಿಂತ ಕನ್ನಡದ ‘ನೆಪ’ ಇಲ್ಲಿ ಹೆಚ್ಚು ಉಪಯುಕ್ತ. ನೆಪವು ಕಾರಣವನ್ನು ಹೇಳುವಾಗಲೇ ಏನನ್ನೋ ಮರೆಸುತ್ತದೆ ಎಂಬ ಧ್ವನಿ ನಮ್ಮ ಮಾತಿನಲ್ಲಿದೆ. ಆ ಮರೆಸುವಿಕೆಯೇ ಈ ಪ್ರಬಂಧದ ಆಸಕ್ತಿ.

೨. ನೆಪದ ಹುಟ್ಟು: ಪಾಶ್ಚಾತ್ಯ ಹಿನ್ನೆಲೆ

ರಾಬರ್ಟ್ ವೀನೆ ನಿರ್ದೇಶಿಸಿದ ಜರ್ಮನಿಯ ‘ಡಾಕ್ಟರ್ ಕ್ಯಾಲಿಗರಿಯ ಸಂದೂಕ’ (1920) ಈ ವಿಷಯದಲ್ಲಿ ಮೊದಲ ಮುಖ್ಯ ನಿದರ್ಶನ. ಓರೆಯಾದ ಗೋಡೆಗಳು, ಬಣ್ಣದಲ್ಲಿ ಬರೆದ ನೆರಳುಗಳು, ಚೂಪಾದ ಬೀದಿಗಳು — ಅಭಿವ್ಯಕ್ತಿವಾದಿ ಚಿತ್ರಕಲೆಯ ಭಾಷೆಯನ್ನು ಈ ಚಿತ್ರ ಕಥಾಚಿತ್ರದೊಳಕ್ಕೆ ತಂದಿತು. ಆದರೆ ಕೊನೆಯಲ್ಲಿ, ಇಡೀ ಕಥೆಯನ್ನು ಹೇಳುತ್ತಿದ್ದ ಫ್ರಾನ್ಸಿಸ್ ಹುಚ್ಚಾಸ್ಪತ್ರೆಯ ನಿವಾಸಿ ಎಂಬುದು ಬಯಲಾಗುತ್ತದೆ. ಅಲ್ಲಿಗೆ ಓರೆ ಗೋಡೆಗಳೆಲ್ಲ ಒಬ್ಬ ರೋಗಿಯ ಕಣ್ಣಿನ ದೋಷವಾಗಿ ಸರಿಹೋಗುತ್ತವೆ. ಸೀಗ್‌ಫ್ರೀಡ್ ಕ್ರಾಕವರ್ 1947ರ ತನ್ನ ಗ್ರಂಥದಲ್ಲಿ, ಅಧಿಕಾರವನ್ನು ಪ್ರಶ್ನಿಸುವ ಕಥೆಯೊಂದನ್ನು ಈ ಚೌಕಟ್ಟು ಅಧಿಕಾರದ ಪರವಾಗಿ ತಿರುಗಿಸಿತೆಂದು ವಾದಿಸಿದನು. ಮೂಲ ಚಿತ್ರಕಥೆಯಲ್ಲಿಯೂ ಬೇರೊಂದು ಬಗೆಯ ಚೌಕಟ್ಟು ಇತ್ತೆಂಬುದು ಅನಂತರ ಬೆಳಕಿಗೆ ಬಂದಿದೆಯಾದ್ದರಿಂದ ಕ್ರಾಕವರನ ಚಾರಿತ್ರಿಕ ನಿರೂಪಣೆಯನ್ನು ಪೂರ್ತಿಯಾಗಿ ಒಪ್ಪಲಾಗದು. ಆದರೂ ತೆರೆಯ ಮೇಲಿರುವ ಚಿತ್ರದ ಮಟ್ಟಿಗೆ ಅವನ ಗ್ರಹಿಕೆ ಬೆಲೆಯುಳ್ಳದ್ದು. ಪ್ರೇಕ್ಷಕ ಒಂದು ಗಂಟೆಗೂ ಮೀರಿ ಬಾಳಿದ ಲೋಕವನ್ನು ಕೊನೆಯ ಕೆಲವು ನಿಮಿಷಗಳ ನೆಪ ಹಿಂತೆಗೆದುಕೊಳ್ಳುತ್ತದೆ.

ಲೂಯಿಸ್ ಬುನ್ಯುಯೆಲ್ ಮತ್ತು ಸಾಲ್ವಡಾರ್ ಡಾಲಿ ಸೇರಿ ರೂಪಿಸಿದ ‘ಆಂಡಲೂಸಿಯದ ನಾಯಿ’ (1929) ನೆಪವನ್ನೇ ತಿರಸ್ಕರಿಸಿದ ಚಿತ್ರ. ‘ಎಂಟು ವರ್ಷಗಳ ನಂತರ’, ‘ಹದಿನಾರು ವರ್ಷಗಳ ಹಿಂದೆ’ ಎಂಬ ಬರಹಗಳು ಅದರಲ್ಲಿ ಬರುತ್ತವೆ. ಆದರೆ ಅವುಗಳಿಂದ ಕಥೆಯ ಕಾಲ ತಿಳಿಯಾಗುವುದಿಲ್ಲ. ಕಥಾಚಿತ್ರಗಳು ಕಾಲವನ್ನು ವಿವರಿಸಲು ಬಳಸುತ್ತಿದ್ದ ಸಾಧನವನ್ನೇ ಅದು ಅಣಕಿಸುತ್ತದೆ. ಇದೇ ಡಾಲಿ ಹದಿನಾರು ವರ್ಷಗಳ ಬಳಿಕ ಆಲ್ಫ್ರೆಡ್ ಹಿಚ್‌ಕಾಕ್‌ನ ‘ಸ್ಪೆಲ್‌ಬೌಂಡ್’ (1945) ಚಿತ್ರಕ್ಕಾಗಿ ಕನಸಿನ ದೃಶ್ಯವೊಂದನ್ನು ವಿನ್ಯಾಸಗೊಳಿಸಿದನು. ತೆರೆಯಲ್ಲಿ ಬರೆದ ಕಣ್ಣುಗಳು, ಮಾಡಿನ ಮೇಲೆ ನಿಂತ ಮುಖವಿಲ್ಲದ ಮನುಷ್ಯ, ಆಕಾರಗೆಟ್ಟ ಚಕ್ರ — ಬಿಂಬಗಳು ಅವೇ ಜಾತಿಯವು. ಆದರೆ ಕಥೆಯೊಳಗಿನ ಮನೋವೈದ್ಯರು ಆ ಬಿಂಬಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಚಕ್ರವೆಂದರೆ ಪಿಸ್ತೂಲು ಎಂದು ಅರ್ಥವಾದ ಕೂಡಲೇ ಕೊಲೆಗಾರ ಪತ್ತೆಯಾಗುತ್ತಾನೆ. ಒಬ್ಬನೇ ಕಲಾವಿದನ ಒಂದೇ ಬಗೆಯ ಬಿಂಬಶಕ್ತಿ ಒಂದು ಕಡೆ ಅರ್ಥೈಸುವಿಕೆಯನ್ನು ಸೋಲಿಸುತ್ತದೆ. ಇನ್ನೊಂದು ಕಡೆ ಅದು ಅರ್ಥೈಸುವಿಕೆಗೆ ಪುರಾವೆಯಾಗಿ ದುಡಿಯುತ್ತದೆ.

ನೆಪವಿದ್ದ ಮಾತ್ರಕ್ಕೆ ತಂತ್ರ ಪಳಗಿತೆಂದು ಭಾವಿಸುವಂತಿಲ್ಲ. ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹ್ಯಾಮಿಡ್ 1943ರಲ್ಲಿ ತಯಾರಿಸಿದ ‘ಅಪರಾಹ್ನದ ಬಲೆಗಳು’ ಎಂಬ ಕಿರುಚಿತ್ರದಲ್ಲಿ ಒಬ್ಬ ಹೆಂಗಸು ಕುರ್ಚಿಯಲ್ಲಿ ನಿದ್ದೆಹೋಗುತ್ತಾಳೆ. ಅನಂತರದ್ದೆಲ್ಲ ಕನಸೆಂದು ಪ್ರೇಕ್ಷಕ ನೆಮ್ಮದಿಯಾಗಿದ್ದಾಗಲೇ, ಕನಸಿನಲ್ಲಿ ಒಡೆದ ಕನ್ನಡಿಯ ಚೂರುಗಳು ಎಚ್ಚರದ ಕೋಣೆಯಲ್ಲಿ ಬಿದ್ದಿರುತ್ತವೆ. ಇಲ್ಲಿ ಕನಸೆಂಬ ನೆಪವನ್ನು ಮೊದಲು ಕೊಟ್ಟು ಆಮೇಲೆ ಕಿತ್ತುಕೊಳ್ಳಲಾಗಿದೆ.

ತಂತ್ರಗಳು ಒಂದು ವಲಯದಿಂದ ಇನ್ನೊಂದಕ್ಕೆ ಬಹಳ ಬೇಗ ಹರಿಯುತ್ತವೆ. ಅಲೆನ್ ರೆನೆಯ ‘ಹಿರೋಶಿಮಾ ಮಾನ್ ಅಮೂರ್’ (1959) ಚಿತ್ರದಲ್ಲಿ ನಾಯಕಿ ಮಲಗಿರುವ ಜಪಾನೀ ಪ್ರಿಯಕರನ ಕೈಯನ್ನು ನೋಡುತ್ತಾಳೆ. ಯಾವ ಮುನ್ಸೂಚನೆಯೂ ಇಲ್ಲದೆ, ಸಾಯುತ್ತಿರುವ ಜರ್ಮನ್ ಸೈನಿಕನ ಕೈ ಕ್ಷಣಕಾಲ ತೆರೆಯ ಮೇಲೆ ಬಂದು ಹೋಗುತ್ತದೆ. ನೆನಪಿಗೆ ಜಾರುವಾಗ ಚಿತ್ರವನ್ನು ಮಸುಕಾಗಿಸುವ ಹಳೆಯ ಸಂಪ್ರದಾಯವನ್ನು ರೆನೆ ಬಿಟ್ಟುಕೊಟ್ಟನು. ಕೆಲವೇ ವರ್ಷಗಳಲ್ಲಿ ಸಿಡ್ನಿ ಲ್ಯೂಮೆಟ್ ‘ದಿ ಪಾನ್‌ಬ್ರೋಕರ್’ (1964) ಚಿತ್ರದಲ್ಲಿ ಇದೇ ಮಿಂಚುಸಂಕಲನವನ್ನು ನಾಜಿ ಶಿಬಿರದಿಂದ ಬದುಕಿಬಂದವನೊಬ್ಬನ ನೆನಪುಗಳಿಗೆ ಅಳವಡಿಸಿದನು. ಆದರೆ ಅಲ್ಲಿ ಮಿಂಚುಗಳು ಕ್ರಮೇಣ ದೀರ್ಘವಾಗುತ್ತ ಪೂರ್ಣ ಪ್ರಮಾಣದ ಹಿನ್ನೋಟಗಳಾಗಿ ಬೆಳೆಯುತ್ತವೆ. ಮೊದಲು ಗೊಂದಲಗೊಂಡ ಪ್ರೇಕ್ಷಕ ಕೊನೆಗೆ ಎಲ್ಲವನ್ನೂ ತಿಳಿಯುತ್ತಾನೆ. ಇದನ್ನು ದುರ್ಬಲ ಅನುಕರಣೆಯೆಂದು ತಳ್ಳಿಹಾಕಲಾಗದು. ಪ್ರೇಕ್ಷಕನಿಗೆ ಹೊಸ ವ್ಯಾಕರಣವೊಂದನ್ನು ಹಂತಹಂತವಾಗಿ ಕಲಿಸುವ ಕೆಲಸವನ್ನು ಆ ಚಿತ್ರ ಮಾಡಿತು.

೩. ಭಾರತೀಯ ಸಂದರ್ಭ: ಕನಸು, ಹಾಡು ಮತ್ತು ಭಾಗವತ

ಭಾರತೀಯ ಚಿತ್ರರಂಗದಲ್ಲಿ ನೆಪದ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಉದಯಶಂಕರ್ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತಯಾರಿಸಿದ ‘ಕಲ್ಪನಾ’ (1948) ನೃತ್ಯವನ್ನೇ ನಿರೂಪಣೆಯ ಮಾಧ್ಯಮವಾಗಿಸಿಕೊಂಡ ಅಸಾಮಾನ್ಯ ಚಿತ್ರ. ಅದಕ್ಕೂ ಒಂದು ನೆಪವಿದೆ: ಲೇಖಕನೊಬ್ಬ ನಿರ್ಮಾಪಕನಿಗೆ ತನ್ನ ಕಥೆಯನ್ನು ಹೇಳುತ್ತಿದ್ದಾನೆ. ಉದಯಶಂಕರರ ತಂಡದಲ್ಲಿ ಅವರ ಜೊತೆ ನರ್ತಿಸಿದ್ದ ಸಿಮ್ಕಿ ಮುಂದೆ ರಾಜ್‌ಕಪೂರರ ‘ಆವಾರಾ’ (1951) ಚಿತ್ರದ ಪ್ರಸಿದ್ಧ ಸ್ವಪ್ನದೃಶ್ಯಕ್ಕೆ ನೃತ್ಯ ಸಂಯೋಜಿಸಿದರು. ಹೀಗೆ ಪ್ರಯೋಗಶೀಲ ನೃತ್ಯದ ಪರಂಪರೆಯೊಂದು ನೇರವಾಗಿ, ವ್ಯಕ್ತಿಯ ಮೂಲಕವೇ, ಜನಪ್ರಿಯ ಚಿತ್ರದೊಳಕ್ಕೆ ಬಂದಿತು. ‘ಕಲ್ಪನಾ’ದಲ್ಲಿ ಇಡೀ ಚಿತ್ರವನ್ನು ಆವರಿಸಿದ್ದ ಶೈಲಿ ‘ಆವಾರಾ’ದಲ್ಲಿ ಕನಸಿನ ಬೇಲಿಯೊಳಗೆ ಕೆಲವು ನಿಮಿಷ ನೆಲೆಸಿತು. ಹಾಗೆ ಬೇಲಿ ಹಾಕಿದ್ದರಿಂದಲೇ ಅದು ಅಸಂಖ್ಯ ಪ್ರೇಕ್ಷಕರನ್ನು ತಲುಪಿತು ಎಂಬುದನ್ನೂ ಮರೆಯುವಂತಿಲ್ಲ.

ಹೊಸ ಅಲೆಯ ಆರಂಭದ ಎರಡು ಚಿತ್ರಗಳ ಹೋಲಿಕೆ ಇಲ್ಲಿ ಉಪಯುಕ್ತ. ಮೃಣಾಲ್ ಸೇನ್‌ರ ‘ಭುವನ್ ಶೋಮ್’ ಮತ್ತು ಮಣಿ ಕೌಲ್‌ರ ‘ಉಸ್ಕಿ ರೋಟಿ’ 1969ರ ಸುಮಾರಿಗೆ ತಯಾರಾದವು. ಎರಡಕ್ಕೂ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ನೆರವು ದೊರೆತಿತ್ತು. ಎರಡರ ಛಾಯಾಗ್ರಾಹಕರೂ ಕೆ.ಕೆ. ಮಹಾಜನ್. ‘ಭುವನ್ ಶೋಮ್’ ಸ್ಥಗಿತ ಚಿತ್ರಿಕೆ, ಅನಿಮೇಷನ್, ಹಿನ್ನೆಲೆಯ ವಿಡಂಬನೆಯ ಮಾತು ಇವನ್ನೆಲ್ಲ ಬಳಸುತ್ತದೆ. ಅಲ್ಲಿನ ನೆಪ ಹಾಸ್ಯ. ಕಠೋರ ಅಧಿಕಾರಿಯೊಬ್ಬನನ್ನು ಗೇಲಿಮಾಡುವಾಗ ಸಂಕಲನದ ಚೇಷ್ಟೆಗಳನ್ನು ಪ್ರೇಕ್ಷಕ ಸಂತೋಷದಿಂದಲೇ ಒಪ್ಪುತ್ತಾನೆ. ‘ಉಸ್ಕಿ ರೋಟಿ’ಯಲ್ಲಿ ಬಾಲೋ ಬಸ್ಸು ಚಾಲಕನಾದ ಗಂಡನಿಗಾಗಿ ರೊಟ್ಟಿ ಹಿಡಿದು ರಸ್ತೆಯ ಬದಿಯಲ್ಲಿ ಕಾಯುತ್ತಾಳೆ. ಅವಳು ಕಂಡದ್ದು, ನೆನೆದದ್ದು, ಅಂಜಿದ್ದು ಇವುಗಳ ನಡುವೆ ಚಿತ್ರ ಗಡಿ ಹಾಕುವುದಿಲ್ಲ. ಕಾಯುವಿಕೆಯ ಕಾಲವೇ ಪ್ರೇಕ್ಷಕನ ಕಾಲವಾಗುತ್ತದೆ. ‘ಭುವನ್ ಶೋಮ್’ ಜನರನ್ನು ಗಳಿಸಿತು. ‘ಉಸ್ಕಿ ರೋಟಿ’ ಅಂದಿನಿಂದ ಇಂದಿನವರೆಗೆ ವಾದದ ವಸ್ತುವಾಗಿ ಉಳಿದಿದೆ. ಛಾಯಾಗ್ರಾಹಕ ಒಬ್ಬನೇ, ಹಣದ ಮೂಲವೂ ಒಂದೇ ಆಗಿದ್ದಾಗ ಬೇರೆಯಾಗಿದ್ದು ನೆಪದ ಇರುವಿಕೆ ಮತ್ತು ಇಲ್ಲದಿರುವಿಕೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನೆಪದ ಅಗತ್ಯ ಹುಟ್ಟುವುದು ವಾಸ್ತವವಾದವನ್ನು ರೂಢಿಯೆಂದು ಒಪ್ಪಿಕೊಂಡ ಮೇಲೆ. ನಮ್ಮ ಕಥನ ಪರಂಪರೆಗಳು ಹಾಗೆ ಒಪ್ಪಿಕೊಂಡವುಗಳಲ್ಲ. ಯಕ್ಷಗಾನದ ಭಾಗವತ ಕಥೆಯನ್ನು ನಿಲ್ಲಿಸಿ ಪಾತ್ರದೊಡನೆ ಮಾತಿಗಿಳಿಯುತ್ತಾನೆ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ ನಾಟಕದಲ್ಲಿ ವಿವೇಕ, ಮೋಹಗಳೇ ಪಾತ್ರಗಳಾಗಿ ರಂಗಕ್ಕೆ ಬರುತ್ತವೆ. ಮೃಣಾಲ್ ಸೇನ್‌ರ ‘ಇಂಟರ್‌ವ್ಯೂ’ (1971) ಚಿತ್ರದಲ್ಲಿ ನಾಯಕ ಟ್ರಾಮಿನಲ್ಲಿ ಕ್ಯಾಮೆರಾದ ಕಡೆಗೆ ತಿರುಗಿ ತಾನು ರಂಜಿತ್ ಮಲ್ಲಿಕ್ ಎಂಬ ನಟನೆಂದು ಹೇಳಿಕೊಂಡಾಗ ವಿಮರ್ಶಕರಿಗೆ ಬ್ರೆಕ್ಟ್ ನೆನಪಾದನು. ಯಕ್ಷಗಾನದ ಬಯಲಿನಲ್ಲಿ ಕುಳಿತು ಬೆಳೆದವನಿಗೆ ನೆನಪಾಗಬೇಕಾದದ್ದು ಭಾಗವತನೂ ಹೌದು. ಜಿ.ವಿ. ಅಯ್ಯರ್ ಅವರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ (1983) ಮೃತ್ಯು ಮತ್ತು ಪ್ರಜ್ಞೆಗಳನ್ನು ಶಂಕರರ ಒಡನಾಡಿಗಳನ್ನಾಗಿ ಮನುಷ್ಯರೂಪದಲ್ಲಿ ನಡೆಸುತ್ತದೆ. ಇದನ್ನು ಪ್ರಯೋಗವೆನ್ನುವುದೋ ಪರಂಪರೆಯೆನ್ನುವುದೋ ಎಂಬುದು ನೋಡುವವನು ನಿಂತ ನೆಲವನ್ನು ಅವಲಂಬಿಸಿದೆ.

ಈ ದೃಷ್ಟಿಯಿಂದ ಭಾರತೀಯ ಚಿತ್ರದ ಹಾಡನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಹಾಡು ಬಂದಾಗ ಸ್ಥಳ ಬದಲಾಗಬಹುದು, ಉಡುಪು ಬದಲಾಗಬಹುದು, ಕಾಲ ನಿಲ್ಲಬಹುದು. ಇವುಗಳಿಗೆ ಕನಸೆಂಬ ಸಮಾಧಾನವೂ ಬೇಕಾಗಿಲ್ಲ. ವಾಸ್ತವವಾದಿ ನಿರೂಪಣೆಯೊಳಗೆ ಹಳೆಯ ರಂಗಭೂಮಿಯ ಸ್ವಾತಂತ್ರ್ಯ ಉಳಿದುಕೊಂಡ ಜಾಗ ಅದು. ನಮ್ಮ ಜನಪ್ರಿಯ ನಿರ್ದೇಶಕರು ತಮ್ಮ ಅತ್ಯಂತ ಧೈರ್ಯದ ತಂತ್ರಪ್ರಯೋಗಗಳನ್ನು ಹಾಡುಗಳಲ್ಲಿಯೇ ಮಾಡಿದ್ದಕ್ಕೆ ಇದು ಒಂದು ಮುಖ್ಯ ಕಾರಣ.

೪. ಪುಟ್ಟಣ್ಣ ಕಣಗಾಲ್: ನೆಪವನ್ನೇ ವಸ್ತುವಾಗಿಸಿದ ಬಗೆ

ಕನ್ನಡದಲ್ಲಿ ಈ ಮಾತಿಗೆ ಪ್ರಸಿದ್ಧ ನಿದರ್ಶನ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972). ಚಿತ್ರದುರ್ಗದ ಕೋಟೆಯಲ್ಲಿ ಚಿತ್ರಿತವಾದ ‘ಬಾರೆ ಬಾರೆ’ ಹಾಡಿನ ನಿಧಾನಗತಿಯ ಚಲನೆ ಕನ್ನಡ ಪ್ರೇಕ್ಷಕರ ನೆನಪಿನಲ್ಲಿ ಇಂದಿಗೂ ಉಳಿದಿದೆ. ನಿಧಾನಗತಿ ಯುರೋಪಿನ ಪ್ರಯೋಗಶೀಲ ಚಿತ್ರಗಳ ಪ್ರಿಯ ಸಾಧನವಾಗಿತ್ತು. ಜಾನ್ ವಿಗೋ ‘ಜೀರೋ ಫಾರ್ ಕಾಂಡಕ್ಟ್’ (1933) ಚಿತ್ರದಲ್ಲಿ ವಸತಿಶಾಲೆಯ ಹುಡುಗರ ದಂಗೆಯನ್ನು, ಹಾರುವ ಗರಿಗಳ ನಡುವಣ ಅವರ ಮೆರವಣಿಗೆಯನ್ನು ನಿಧಾನಗತಿಯಲ್ಲಿ ತೋರಿಸಿದ್ದನು. ಅಲ್ಲಿ ಅದು ಶಿಸ್ತಿನ ಗಡಿಯಾರದಿಂದ ಬಿಡುಗಡೆ. ಪುಟ್ಟಣ್ಣನವರಲ್ಲಿಯೂ ಅದರ ಕೆಲಸ ಅಲಂಕಾರಕ್ಕೆ ಸೀಮಿತವಾಗಿಲ್ಲ. ರಾಮಾಚಾರಿ ಸಿಡುಕಿನ, ದುಡುಕಿನ ತರುಣ. ಅವನ ಬದುಕಿನ ಗತಿ ಚಿತ್ರದುದ್ದಕ್ಕೂ ಅವಸರದ್ದು. ಅವನಿಗೆ ಒಮ್ಮೆ ಮಾತ್ರ ದಕ್ಕುವ ನೆಮ್ಮದಿಯ ಕಾಲವನ್ನು ನಿಧಾನಗತಿ ಬೇರೆಯಾಗಿ ಗುರುತಿಸುತ್ತದೆ. ಮುಂದೆ ಆ ಪ್ರೇಮ ಕೈತಪ್ಪಿದಾಗ ಪ್ರೇಕ್ಷಕ ಕಳೆದುಕೊಳ್ಳುವುದರಲ್ಲಿ ಆ ಗತಿಯೂ ಸೇರಿದೆ.

‘ಶರಪಂಜರ’ (1971) ಇನ್ನೂ ಗಂಭೀರವಾದ ವಿವೇಚನೆಯನ್ನು ಬೇಡುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಾಯಕಿ ಕಾವೇರಿ ಮನೋವಿಕಲತೆಗೆ ಒಳಗಾಗಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಹಿಂದಿರುಗುತ್ತಾಳೆ. ಮೇಲುನೋಟಕ್ಕೆ ಇದು ಕ್ಯಾಲಿಗರಿಯ ಮಾದರಿಗೆ ಸೇರಿದ ಕಥೆ: ಉದ್ವಿಗ್ನವಾದ ಕ್ಯಾಮೆರಾ, ಮುಖದ ಅತಿಸಮೀಪ ಚಿತ್ರಿಕೆ, ಏರುದನಿಯ ಅಭಿನಯ ಇವಕ್ಕೆಲ್ಲ ಹುಚ್ಚು ಎಂಬ ನೆಪ ಸಿದ್ಧವಾಗಿದೆ. ಆದರೆ ಕಥೆಯ ನಿಜವಾದ ನೋವು ಗುಣವಾದ ಮೇಲೆ ಆರಂಭವಾಗುತ್ತದೆ. ಕಾವೇರಿ ನಕ್ಕರೂ ಅತ್ತರೂ ಕೋಪಗೊಂಡರೂ ಸುತ್ತಲಿನವರು ಅದನ್ನು ಹುಚ್ಚಿನ ಮರುಕಳಿಕೆಯೆಂದೇ ಓದುತ್ತಾರೆ. ಗಂಡನ ದಾಂಪತ್ಯದ್ರೋಹವನ್ನು ಅವಳು ಸರಿಯಾಗಿಯೇ ಗ್ರಹಿಸುತ್ತಾಳೆ. ಆ ಗ್ರಹಿಕೆಯನ್ನು ತಳ್ಳಿಹಾಕುವುದಕ್ಕೂ ಅವಳ ಹಳೆಯ ಕಾಯಿಲೆ ಒದಗಿಬರುತ್ತದೆ.

ಇಲ್ಲಿ ಚಿತ್ರಶಿಲ್ಪದ ದೃಷ್ಟಿಯಿಂದ ಒಂದು ಮಹತ್ವದ ಪಲ್ಲಟವಿದೆ. ಸಂಕಲನದ ತೀವ್ರತೆಗೆ ಕಾವೇರಿಯ ಮನಸ್ಸು ಕಾರಣವೆಂದು ನಂಬಿದ ಪ್ರೇಕ್ಷಕ, ಕ್ರಮೇಣ ಅದೇ ತರ್ಕವನ್ನು ಅವಳ ಮನೆಯವರೂ ಬಳಸುತ್ತಿರುವುದನ್ನು ಕಾಣುತ್ತಾನೆ. ‘ಅವಳು ಹುಚ್ಚಿ, ಆದ್ದರಿಂದ ಹೀಗೆ ಕಾಣುತ್ತಿದೆ’ ಎಂಬ ಪ್ರೇಕ್ಷಕನ ಸಮಾಧಾನವೂ ‘ಅವಳು ಹುಚ್ಚಿ, ಆದ್ದರಿಂದ ಹೀಗೆ ಆಡುತ್ತಾಳೆ’ ಎಂಬ ಮನೆಯವರ ತೀರ್ಪೂ ಒಂದೇ ಜಾಡಿನವು. ಕಾವೇರಿ ಕೊನೆಗೆ ಮತ್ತೆ ಕುಸಿದಾಗ ಆ ಕುಸಿತವನ್ನು ರೋಗವೆಂದು ಓದಲು ಪ್ರೇಕ್ಷಕನಿಗೆ ಧೈರ್ಯ ಬರುವುದಿಲ್ಲ. ಹುಚ್ಚೆಂಬ ನೆಪ ಜನಪ್ರಿಯ ಚಿತ್ರದಲ್ಲಿ ತಂತ್ರಕ್ಕೆ ಪರವಾನಗಿಯಾಗುವುದು ಸಾಮಾನ್ಯ. ಅದೇ ನೆಪವನ್ನು ಸಮಾಜದ ಕ್ರೌರ್ಯವಾಗಿ ಎದುರಿಗೆ ತಂದು ನಿಲ್ಲಿಸಿದ್ದು ‘ಶರಪಂಜರ’ದ ವಿಶೇಷ. ಪುಟ್ಟಣ್ಣನವರ ಅತಿಭಾವುಕತೆಯನ್ನು ಕುರಿತು ಹೊಸ ಅಲೆಯ ವಿಮರ್ಶೆ ಆಡಿದ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ಸಂಭಾಷಣೆ ಅನೇಕ ಕಡೆ ಬಿಂಬ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಆದರೆ ಭಾವಾತಿರೇಕವೇ ಇಲ್ಲಿ ವಾದದ ವಸ್ತು ಎಂಬುದನ್ನು ಆ ವಿಮರ್ಶೆ ಗಮನಿಸಬೇಕಾಗಿತ್ತು. ಹೆಣ್ಣಿನ ಅತಿರೇಕವನ್ನು ಸಹಿಸದ ಮನೆಯೊಂದರ ಕಥೆಯನ್ನು ಸಂಯಮದ ಶೈಲಿಯಲ್ಲಿ ಹೇಳಿದ್ದರೆ ಶೈಲಿಯೂ ಆ ಮನೆಯವರ ಪರವಾಗಿ ನಿಲ್ಲುವ ಅಪಾಯವಿತ್ತು.

೫. ಮಗುವಿನ ಕಣ್ಣು ಮತ್ತು ನಗರದ ಸದ್ದು

ಕಲಾತ್ಮಕ ಚಿತ್ರಗಳು ನೆಪರಹಿತವೆಂದು ಭಾವಿಸುವುದೂ ತಪ್ಪಾಗುತ್ತದೆ. ಕನ್ನಡದ ಹೊಸ ಅಲೆ ಕನಸು ಹಾಡುಗಳನ್ನು ಬಿಟ್ಟುಕೊಟ್ಟಿತು. ಆದರೆ ಅದು ತನ್ನದೇ ಆದ ಇನ್ನೊಂದು ನೆಪವನ್ನು ಕಂಡುಕೊಂಡಿತು: ಮಗುವಿನ ಕಣ್ಣು. ಗಿರೀಶ ಕಾರ್ನಾಡರ ‘ಕಾಡು’ (1973) ಎರಡು ಹಳ್ಳಿಗಳ ಹಗೆತನವನ್ನು ಕಿಟ್ಟಿಯೆಂಬ ಹುಡುಗನ ಮೂಲಕ ಕಾಣಿಸುತ್ತದೆ. ಹೆಸರು ಹಿಡಿದು ಕೂಗುವ ಹಕ್ಕಿಯೆಂಬ ಜನಪದ ಭಯ ಅವನ ಕಿವಿಯ ಮೂಲಕ ಚಿತ್ರದ ಧ್ವನಿಲೋಕವನ್ನು ಪ್ರವೇಶಿಸುತ್ತದೆ. ಗೋವಿಂದ ನಿಹಲಾನಿಯವರ ಛಾಯಾಗ್ರಹಣದಲ್ಲಿ ಕಾಡು ಹಿನ್ನೆಲೆಯ ಸ್ಥಾನವನ್ನು ಬಿಟ್ಟು ಪಾತ್ರದ ಸ್ಥಾನಕ್ಕೆ ಬರುತ್ತದೆ. ಹುಡುಗನ ಅರೆತಿಳಿವಳಿಕೆ ಇಲ್ಲದಿದ್ದರೆ ವಾಸ್ತವವಾದಿ ಚಿತ್ರವೊಂದರಲ್ಲಿ ಆ ಕೂಗಿಗೆ ಜಾಗ ಸಿಗುತ್ತಿರಲಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈ ನೆಪವನ್ನು ನೈತಿಕ ಪ್ರಶ್ನೆಯ ಮಟ್ಟಕ್ಕೆ ಏರಿಸುತ್ತದೆ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಉಡುಪರ ವೇದಪಾಠಶಾಲೆಗೆ ಬಂದ ನಾಣಿ, ಅವರ ವಿಧವೆ ಮಗಳು ಯಮುನಕ್ಕನ ಬಸಿರು, ಅವಮಾನ ಮತ್ತು ಬಹಿಷ್ಕಾರಗಳಿಗೆ ಸಾಕ್ಷಿಯಾಗುತ್ತಾನೆ. ಅವನಿಗೆ ತಿಳಿಯುವುದು ತುಣುಕುಗಳು ಮಾತ್ರ. ಪ್ರೇಕ್ಷಕನಿಗೂ ತುಣುಕುಗಳೇ ಸಿಗುತ್ತವೆ. ಕಾರಣಗಳನ್ನು ಮುಂದಿಡದೆ, ಘಟನೆಯ ಅಂಚುಗಳನ್ನಷ್ಟೇ ತೋರಿಸುವ ಈ ಲೋಪಯುಕ್ತ ನಿರೂಪಣೆಗೆ ಹುಡುಗನ ಅಜ್ಞಾನ ನೆಪವಾಗಿದೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ ಈ ಅರೆಬೆಳಕಿನ ಗ್ರಹಿಕೆಯನ್ನು ಗಾಢವಾಗಿಸುತ್ತವೆ. ಕೊನೆಯಲ್ಲಿ ನಾಣಿ ತಂದೆಯೊಡನೆ ಊರು ಬಿಟ್ಟು ಹೊರಟಾಗ ಮರದಡಿ ತಲೆ ಬೋಳಿಸಿಕೊಂಡು ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಆ ಹೊತ್ತಿಗೆ ಅಜ್ಞಾನವೆಂಬ ಆಸರೆ ಕಳಚಿದೆ. ಇದುವರೆಗೆ ‘ಹುಡುಗನಿಗೆ ತಿಳಿಯದು’ ಎಂದು ಹುಡುಗನ ಹಿಂದೆ ನಿಂತು ನೋಡುತ್ತಿದ್ದ ಪ್ರೇಕ್ಷಕ, ಎಲ್ಲವನ್ನೂ ತಿಳಿದೂ ಸುಮ್ಮನಿದ್ದ ಊರಿನವರ ಸಾಲಿನಲ್ಲಿ ತಾನೂ ಇರುವುದನ್ನು ಎದುರಿಸಬೇಕಾಗುತ್ತದೆ.

ಕಾಸರವಳ್ಳಿಯವರೇ 1990ರ ‘ಮನೆ’ ಚಿತ್ರದಲ್ಲಿ ನೆಪದ ಊರುಗೋಲನ್ನು ಇನ್ನಷ್ಟು ಸಡಿಲಿಸಿದರು. ಟಿ.ಜಿ. ರಾಘವ ಅವರ ಕೃತಿಯನ್ನು ಆಧರಿಸಿದ ಈ ಚಿತ್ರದಲ್ಲಿ ಹಳ್ಳಿಯ ಕೂಡುಕುಟುಂಬವನ್ನು ಬಿಟ್ಟು ನಗರಕ್ಕೆ ಬಂದ ದಂಪತಿಗೆ ಪಕ್ಕದ ಶೆಡ್ಡಿನ ಸದ್ದು ಕಾಟವಾಗುತ್ತದೆ. ಮೊದಮೊದಲು ಆ ಸದ್ದು ನಗರದ ವಾಸ್ತವದ ಒಂದು ವಿವರ. ಬರಬರುತ್ತ ಅದು ದಾಂಪತ್ಯದ ಒಳಗಿನ ಬಿರುಕಿನ ಧ್ವನಿಯಂತೆ ಕೇಳಿಸತೊಡಗುತ್ತದೆ. ಸದ್ದು ಹೊರಗಿನದೋ ಒಳಗಿನದೋ ಎಂಬುದನ್ನು ಚಿತ್ರ ತೀರ್ಮಾನಿಸಿ ಹೇಳುವುದಿಲ್ಲ. ಇಲ್ಲಿ ಯಾರೂ ಹುಚ್ಚರಲ್ಲ, ಯಾರೂ ಕನಸು ಕಾಣುತ್ತಿಲ್ಲ, ನೋಡುವ ಮಗುವೂ ಇಲ್ಲ. ನಗರದ ಮಧ್ಯಮವರ್ಗದ ಬಯಕೆಯೇ ಹೀಗೆ ಸದ್ದು ಮಾಡುತ್ತದೆಯೋ ಎಂಬ ಸಂಶಯವನ್ನು ಪ್ರೇಕ್ಷಕ ಮನೆಗೆ ಹೊತ್ತುಕೊಂಡು ಹೋಗಬೇಕಾಗುತ್ತದೆ. ಕನ್ನಡದಲ್ಲಿ ಧ್ವನಿಯನ್ನು ಇಷ್ಟು ಸ್ವತಂತ್ರವಾಗಿ ದುಡಿಸಿಕೊಂಡ ಕಥಾಚಿತ್ರಗಳು ವಿರಳ.

೬. ನಿರ್ದೇಶಕನೆಂಬ ನೆಪ ಮತ್ತು ಒಗಟು

ಡೇವಿಡ್ ಬೋರ್ಡ್‌ವೆಲ್ 1979ರ ಲೇಖನವೊಂದರಲ್ಲಿ ಕಲಾತ್ಮಕ ಚಿತ್ರದ ಪ್ರೇಕ್ಷಕನ ನಡವಳಿಕೆಯನ್ನು ವಿವರಿಸಿದ್ದಾನೆ. ರೂಢಿಗೆ ಹೊರತಾದದ್ದು ಕಂಡಾಗ ಪ್ರೇಕ್ಷಕ ಮೊದಲು ಅದನ್ನು ಬದುಕಿನ ವಾಸ್ತವಕ್ಕೋ ಪಾತ್ರದ ಮನಸ್ಸಿಗೋ ಹೊಂದಿಸಿ ನೋಡುತ್ತಾನೆ. ಅದು ಸಾಧ್ಯವಾಗದಾಗ ನಿರ್ದೇಶಕನ ಅಭಿವ್ಯಕ್ತಿಯೆಂದು ಓದುತ್ತಾನೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಕಲಾತ್ಮಕ ಚಿತ್ರದ ಕೊನೆಯ ನೆಪ ನಿರ್ದೇಶಕನ ಹೆಸರು. ‘ಇದು ಕೌಲ್ ಅವರ ಶೈಲಿ’ ಎಂದ ಕೂಡಲೇ ಮುರಿತದ ಮೊನೆ ಮೊಂಡಾಗುತ್ತದೆ. ಚಿತ್ರೋತ್ಸವದ ಪ್ರೇಕ್ಷಕನೂ ಈ ವಿಷಯದಲ್ಲಿ ಮಾರುಕಟ್ಟೆಯ ಪ್ರೇಕ್ಷಕನಿಗಿಂತ ಬಹಳ ಬೇರೆಯಲ್ಲ.

ಈ ನೆಪವನ್ನು ಮುಖ್ಯವಾಹಿನಿಯೊಳಕ್ಕೆ ಎಳೆದುತಂದದ್ದು ಉಪೇಂದ್ರ ಅವರ ‘ಎ’ (1998). ಕಾಲಕ್ರಮವನ್ನು ಹಿಂದುಮುಂದಾಗಿಸಿ, ಚಿತ್ರರಂಗವನ್ನೇ ಕಥಾವಸ್ತುವಾಗಿಸಿಕೊಂಡು, ‘ಬುದ್ಧಿವಂತರಿಗೆ ಮಾತ್ರ’ ಎಂಬ ಘೋಷಣೆಯೊಡನೆ ಬಂದ ಈ ಚಿತ್ರ ದೊಡ್ಡ ಜನಮನ್ನಣೆಯನ್ನು ಗಳಿಸಿತು. ಅದರ ನಾಯಕ ಸಿನಿಮಾ ನಿರ್ದೇಶಕ. ಆ ಪಾತ್ರವನ್ನು ವಹಿಸಿದವರು ಚಿತ್ರದ ನಿರ್ದೇಶಕರೇ. ಮರುವರ್ಷದ ‘ಉಪೇಂದ್ರ’ (1999) ಚಿತ್ರದ ಹೆಸರೇ ನಿರ್ದೇಶಕನ ಹೆಸರು, ನಾಯಕನ ಹೆಸರು ‘ನಾನು’. ಕಲಾತ್ಮಕ ಚಿತ್ರಗಳಲ್ಲಿ ಸೂಚ್ಯವಾಗಿದ್ದ ನಿರ್ದೇಶಕನೆಂಬ ನೆಪ ಇಲ್ಲಿ ತಾರೆಯಾಗಿ ತೆರೆಯ ಮೇಲೆ ಬಂದು ನಿಂತಿತು. ‘ಬುದ್ಧಿವಂತರಿಗೆ ಮಾತ್ರ’ ಎಂಬ ಮಾತು ಇನ್ನೊಂದು ಕೆಲಸವನ್ನೂ ಮಾಡಿತು. ಗೊಂದಲವನ್ನು ಅದು ಸವಾಲಾಗಿ ಬದಲಾಯಿಸಿತು. ಅರ್ಥವಾಗದಿದ್ದರೆ ಮತ್ತೊಮ್ಮೆ ನೋಡಬೇಕೆಂಬ ಹಟವನ್ನು ಪ್ರೇಕ್ಷಕನಲ್ಲಿ ಹುಟ್ಟಿಸಿತು. ಒಗಟು ಒಂದು ನೆಪವಾಗುವುದು ಹೀಗೆ. ಸರಿಯುತ್ತರವೊಂದು ಇದೆಯೆಂಬ ಭರವಸೆ ಎಂಥ ಮುರಿತವನ್ನೂ ಸಹನೀಯವಾಗಿಸುತ್ತದೆ. ಆದರೆ ಈ ಚಿತ್ರಗಳಲ್ಲಿ ಹೆಣ್ಣಿನ ಚಿತ್ರಣ ರೂಢಿಯನ್ನು ಮುರಿಯುವುದಿಲ್ಲ. ನಿರೂಪಣೆಯಲ್ಲಿ ಕ್ರಾಂತಿಕಾರಿ, ಮೌಲ್ಯದಲ್ಲಿ ಯಥಾಸ್ಥಿತಿವಾದಿ ಎಂಬ ಈ ಬಿರುಕನ್ನು ‘ಶರಪಂಜರ’ದ ಪಕ್ಕದಲ್ಲಿಟ್ಟು ನೋಡಿದಾಗ, ತಂತ್ರದ ಹೊಸತನವೊಂದೇ ಚಿತ್ರದ ಬೆಲೆಯನ್ನು ನಿರ್ಧರಿಸಲಾರದೆಂಬುದು ಸ್ಪಷ್ಟವಾಗುತ್ತದೆ.

ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ ತಯಾರಿಸಿದ ಚಿತ್ರ. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ದಾರಿ ತೋರಿಸುವ ನಿದ್ರಾಹೀನ ಯುವಕ ಮಾತ್ರೆಯೊಂದರ ಬಲದಿಂದ ತಾನು ತಾರೆಯಾಗಿರುವ ಕನಸು ಕಾಣುತ್ತಾನೆ. ಟಾರ್ಚಿನ ಹುಡುಗನ ಬದುಕು ವರ್ಣದಲ್ಲಿದೆ, ತಾರೆಯ ಬದುಕು ಕಪ್ಪುಬಿಳುಪಿನಲ್ಲಿದೆ. ಬಣ್ಣವೆಂದರೆ ನಿಜ, ಕಪ್ಪುಬಿಳುಪೆಂದರೆ ಕನಸು ಎಂದು ಪ್ರೇಕ್ಷಕ ತಾನಾಗಿಯೇ ಲೆಕ್ಕ ಹಾಕಿಕೊಂಡಿರುತ್ತಾನೆ. ಕೊನೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ತಾರೆಯೇ ನಿಜ, ಟಾರ್ಚಿನ ಹುಡುಗನ ಸರಳ ಬದುಕು ತಾರೆ ಹಂಬಲಿಸಿದ ಕನಸು. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಥಾಚಿತ್ರಗಳು ನೆಚ್ಚಿಕೊಂಡು ಬಂದ ಕನಸಿನ ನೆಪವನ್ನು ಈ ಚಿತ್ರ ಹೊರತಿರುವಿ ತೋರಿಸಿತು. ಕ್ಯಾಲಿಗರಿಯ ಕೊನೆಯಂತೆ ಇಲ್ಲಿಯೂ ಕೊನೆಯ ಬಯಲುಮಾಡುವಿಕೆ ಎಲ್ಲವನ್ನೂ ವಿವರಿಸಿಬಿಡುತ್ತದೆ ಎಂಬುದು ಅದರ ಮಿತಿ. ಆದರೆ ಕ್ಯಾಲಿಗರಿಯಲ್ಲಿ ವಿವರಣೆ ಬಂದಾಗ ಪ್ರೇಕ್ಷಕ ನಿರಾಳನಾಗುತ್ತಾನೆ. ‘ಲೂಸಿಯಾ’ದಲ್ಲಿ ತಾನು ಪ್ರೀತಿಸಿದ ಲೋಕ ಇಲ್ಲವೆಂದು ತಿಳಿದು ಮರುಗುತ್ತಾನೆ. ಈ ವ್ಯತ್ಯಾಸ ಸಣ್ಣದಲ್ಲ.

೭. ಸಮಾರೋಪ

ಇದುವರೆಗಿನ ವಿವೇಚನೆಯಿಂದ ಕೆಲವು ಮಾತುಗಳನ್ನು ಸ್ಥೂಲವಾಗಿ ಹೇಳಬಹುದು. ಪ್ರಯೋಗತಂತ್ರ ಯಾವ ಒಂದು ಬಗೆಯ ಚಿತ್ರದ ಸೊತ್ತೂ ಅಲ್ಲ. ಎರಡು ವಲಯಗಳೂ ಅದನ್ನು ಬಳಸಿವೆ. ಎರಡೂ ಅದಕ್ಕೆ ನೆಪಗಳನ್ನು ಒದಗಿಸಿವೆ. ಜನಪ್ರಿಯ ಚಿತ್ರ ಕನಸು, ಹುಚ್ಚು, ಹಾಡು, ಒಗಟುಗಳನ್ನು ನೆಚ್ಚಿದರೆ ಕಲಾತ್ಮಕ ಚಿತ್ರ ಮಗುವಿನ ದೃಷ್ಟಿಯನ್ನೂ ನಿರ್ದೇಶಕನ ಹೆಸರನ್ನೂ ನೆಚ್ಚಿದೆ. ವಿಮರ್ಶೆ ಕೇಳಬೇಕಾದದ್ದು ನೆಪ ಚಿತ್ರದಲ್ಲಿ ಏನು ಮಾಡುತ್ತದೆ ಎಂಬುದನ್ನು. ಅದು ಪ್ರೇಕ್ಷಕ ಕಂಡದ್ದನ್ನು ಹಿಂತೆಗೆದುಕೊಳ್ಳುತ್ತದೆಯೇ, ಹೊಸ ವ್ಯಾಕರಣವನ್ನು ಕಲಿಸುತ್ತದೆಯೇ, ಅಥವಾ ‘ಶರಪಂಜರ’ ಮತ್ತು ‘ಘಟಶ್ರಾದ್ಧ’ಗಳಂತೆ ತಾನೇ ಪ್ರಶ್ನೆಗೆ ಒಳಗಾಗಿ ಪ್ರೇಕ್ಷಕನ ನೆಮ್ಮದಿಯನ್ನು ಕೆಡಿಸುತ್ತದೆಯೇ? ಈ ಎರಡು ಚಿತ್ರಗಳು ವಿಮರ್ಶೆಯ ಎರಡು ಬೇರೆ ಕಪಾಟುಗಳಲ್ಲಿ ಉಳಿದುಬಿಟ್ಟಿರುವುದರಿಂದ ಅವುಗಳ ನಡುವಣ ಬಂಧುತ್ವ ನಮಗೆ ಕಾಣದೆ ಹೋಗಿದೆ. ಒಬ್ಬ ಹೆಣ್ಣನ್ನು ಮನೆ ಮತ್ತು ಊರು ಹೊರಹಾಕುವ ಬಗೆಯನ್ನು ಎರಡೂ ನೋಡುವ ಕಣ್ಣಿನ ಸಮಸ್ಯೆಯಾಗಿ ಪರಿವರ್ತಿಸಿವೆ.

ಇಂಥ ಅಧ್ಯಯನಕ್ಕೆ ಒಂದು ಪ್ರಾಯೋಗಿಕ ಅಗತ್ಯವೂ ಇದೆ. ತಂತ್ರವನ್ನು ಕುರಿತ ಮಾತು ಮೂಲ ಪ್ರತಿಯನ್ನು ಬೇಡುತ್ತದೆ. ಮಸುಕಾದ, ಕತ್ತರಿಸಿದ, ಬಣ್ಣಗೆಟ್ಟ ಪ್ರತಿಗಳಿಂದ ಕಥೆಯನ್ನು ತಿಳಿಯಬಹುದು. ನಿಧಾನಗತಿಯ ಅಳತೆ, ಧ್ವನಿಯ ಪದರ, ನೆರಳಿನ ಗಾಢತೆಗಳನ್ನು ತಿಳಿಯಲಾಗದು. ‘ಕಲ್ಪನಾ’ ಪುನಶ್ಚೇತನಗೊಂಡು 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ‘ಘಟಶ್ರಾದ್ಧ’ದ ಪುನಶ್ಚೇತನಗೊಂಡ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಕಲಾತ್ಮಕ ಚಿತ್ರಕ್ಕೆ ದೊರೆತ ಈ ಗೌರವ ಪುಟ್ಟಣ್ಣನವರ ಚಿತ್ರಗಳಿಗೂ ಅವರ ಸಮಕಾಲೀನರ ಜನಪ್ರಿಯ ಚಿತ್ರಗಳಿಗೂ ದೊರೆಯಬೇಕು. ಯಾವ ಚಿತ್ರ ಉಳಿಸಲು ಯೋಗ್ಯ ಎಂಬ ತೀರ್ಮಾನ ಕೊನೆಗೂ ವಿಮರ್ಶೆಯ ತೀರ್ಮಾನವೇ. ಜನಪ್ರಿಯ ಚಿತ್ರವನ್ನು ರೂಢಿಯ ಪಟ್ಟಿಗೆ ಸೇರಿಸಿ ಸುಮ್ಮನಾಗುವ ವಿಮರ್ಶೆ ಅದರ ನೆಗೆಟಿವ್ ಹಾಳಾಗುವುದಕ್ಕೂ ಪರೋಕ್ಷವಾಗಿ ಕಾರಣವಾಗುತ್ತದೆ. ಆದ್ದರಿಂದ ಈ ವಿಭಜನೆಯ ಮರುಪರಿಶೀಲನೆ ನಮ್ಮ ಸಂಶೋಧಕರ, ಗ್ರಂಥಾಲಯಗಳ ಮತ್ತು ಚಿತ್ರಭಂಡಾರಗಳ ಮುಂದಿರುವ ತುರ್ತಿನ ಕೆಲಸವಾಗಿದೆ.